ಐದನೆಯ ಅಂಕಿ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಅಂಥದೊಂದು ಮಧ್ಯಾಹ್ನ ಉಳ್ಳಾಲದ ಕಡೆಯ ಗೃಹಿಣಿಯೊಬ್ಬರು ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಒಂದು ಬಾಟಲಿ ಬಾವಿ ನೀರು ತಂದರು. ನೇತ್ರಾವತಿಯ ಅಳಿವೆಗೆ ಹತ್ತಿರದ ಬಾವಿ. "ಮಾಷ್ಟ್ರೇ, ಗಂಜಿಗೆ ಬೇರೆ ಉಪ್ಪು ಹಾಕುವುದೇ ಬೇಡ" ಎಂದರು. ತುಸು ಉತ್ಪ್ರೇಕ್ಷೆ ಇತ್ತೆನ್ನಿ.

ನೀರಿನ ಉಪ್ಪನ್ನು ನಾವು ಕ್ಲೋರೈಡ್ ಲೆಕ್ಕದಲ್ಲಿ ಅಳೆಯುತ್ತೇವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 250 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1000ದವರೆಗೆ ಒಪ್ಪಬಹುದು. ಹತ್ತು ಮಿಲಿಲೀಟರ್ ನೀರಿಗೆ ಪೊಟ್ಯಾಸಿಯಂ ಕ್ರೋಮೇಟಿನ ಹಳದಿ ದ್ರಾವಣ ಬೆರೆಸಿ, ಬ್ಯುರೆಟ್ಟಿನಿಂದ, ಅಂದರೆ ಅಳತೆಯ ಗೆರೆಗಳಿರುವ, ತುದಿಯಲ್ಲಿ ತಿರುಪಿರುವ ಗಾಜಿನ ಕೊಳವೆಯಿಂದ, ಸಿಲ್ವರ್ ನೈಟ್ರೇಟನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಮೊದಲು ಮೊಸರಿನಂತೆ ಬಿಳಿ ಗಷ್ಟು. ಕ್ಲೋರೈಡ್ ಮುಗಿದ ಕ್ಷಣ ಹಳದಿಯೊಳಗೆ ಇಟ್ಟಿಗೆಯ ಕೆಂಪು ಇಣುಕುತ್ತದೆ, ಕೈ ಅಲ್ಲೇ ನಿಲ್ಲಬೇಕು. ಅಷ್ಟರಲ್ಲಿ ಎಷ್ಟು ಸಿಲ್ವರ್ ನೈಟ್ರೇಟ್ ಖರ್ಚಾಯಿತು ಎಂಬುದರಿಂದ ಕ್ಲೋರೈಡಿನ ಲೆಕ್ಕ ಸಿಗುತ್ತದೆ.

ವಿದ್ಯಾರ್ಥಿನಿ ಐದು ಬಾರಿ ಮಾಡಿದಳು. ಬಂದ ಉತ್ತರಗಳು 246, 249, 247, 248, ಕೊನೆಯದು 263. ಸರಾಸರಿ 250.6, ಅಂದರೆ ಬಾವಿ ಮಿತಿ ದಾಟಿತು. ಐದನೆಯದನ್ನು ಬಿಟ್ಟರೆ 247.5, ಬಾವಿ ಪಾಸು. ಅವಳ ಪೆನ್ನು ಆಗಲೇ 263ರ ಮೇಲೆ ಗೀಟು ಎಳೆಯುವುದರಲ್ಲಿತ್ತು. ನಾನು ತಡೆದೆ. ಇಷ್ಟವಿಲ್ಲದ ಅಂಕಿಯನ್ನು ಅಳಿಸುವ ಚಾಳಿ ಒಮ್ಮೆ ಅಂಟಿದರೆ ಬಿಡುವುದಿಲ್ಲ.

ಸಿಡಿದ ಅಂಕಿಯನ್ನು ಬಿಡಬಹುದೇ ಎಂದು ನಿರ್ಧರಿಸಲು ಒಂದು ಸರಳ ಪರೀಕ್ಷೆ ಇದೆ, ಡಿಕ್ಸನ್ ಅವರ ಕ್ಯೂ ಪರೀಕ್ಷೆ. ದೂರ ಸಿಡಿದ ಅಂಕಿಗೂ ಅದರ ಪಕ್ಕದ್ದಕ್ಕೂ ಇರುವ ಅಂತರ 14. ಎಲ್ಲಕ್ಕಿಂತ ಚಿಕ್ಕದರಿಂದ ದೊಡ್ಡದರವರೆಗಿನ ಹರವು 17. ಭಾಗಿಸಿದರೆ 0.82. ಐದು ಅಂಕಿಗಳಿಗೆ, ಶೇಕಡ 95ರ ಭರವಸೆಯಲ್ಲಿ, ಕೋಷ್ಟಕ ಕೊಡುವ ಗಡಿ 0.71. ಗಡಿ ಮೀರಿತು, ಬಿಡಬಹುದು. ಆದರೆ ಏಕೆ ಸಿಡಿಯಿತು ಎಂಬುದನ್ನು ಕೋಷ್ಟಕ ಹೇಳುವುದಿಲ್ಲ. 263 ಉಳಿದವುಗಳ ಸರಾಸರಿಗಿಂತ ಸುಮಾರು 15 ಹೆಚ್ಚು. ನಮ್ಮ ಲೆಕ್ಕದಲ್ಲಿ ಲೀಟರಿಗೆ 15 ಮಿಲಿಗ್ರಾಂ ಎಂದರೆ ಬ್ಯುರೆಟ್ಟಿನಲ್ಲಿ ಬರೀ 0.3 ಮಿಲಿಲೀಟರ್. ಈ ಸೆಕೆಯಲ್ಲಿ ಎರಡು ಮೂರು ಹನಿ ಬೆವರು ಫ್ಲಾಸ್ಕಿಗೆ ಬಿದ್ದರೂ ಸಾಕು, ಬೆವರೂ ಉಪ್ಪೇ ತಾನೆ! ಕೇಳಿದಾಗ ಅವಳಿಗೆ ನೆನಪಾಯಿತು: ಬ್ಯುರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಇತ್ತು, ನಡುವೆ ಅದು ಕಾಣದಾಯಿತು. ಹೊರಹೋದ ಗಾಳಿಯೂ ದ್ರಾವಣದ ಲೆಕ್ಕಕ್ಕೆ ಸೇರಿತ್ತು. ಗುಳ್ಳೆ ತೆಗೆದು ಮತ್ತೆ ಮಾಡಿದಾಗ ಬಂದದ್ದು 248.

ಈಗ ಸರಾಸರಿ 247.6. ಐದೇ ಅಂಕಿಗಳ ಮೇಲೆ ಎಷ್ಟು ನೆಚ್ಚಬಹುದು? ಈ ಪ್ರಶ್ನೆಯನ್ನು ಬಿಡಿಸಿದವರು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್. ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಅವಕಾಶವಿಲ್ಲದ್ದರಿಂದ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಲೇಖನ ಬರೆದರು. ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆಯೇ ಮಾನಕ ವಿಚಲನೆ. ಅದನ್ನು ಅಳತೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. ಅಳತೆಗಳು ಹೇರಳವಾಗಿದ್ದರೆ ಶೇಕಡ 95ರ ಭರವಸೆಗೆ ಬಂದದ್ದನ್ನು 1.96ರಿಂದ ಗುಣಿಸಿದರೆ ಸಾಕು. ಐದೇ ಇದ್ದಾಗ 2.78ರಿಂದ ಗುಣಿಸಬೇಕು, ಕಡಿಮೆ ದುಡಿದವರಿಗೆ ಹೆಚ್ಚು ದಂಡ. ನಮ್ಮ ಮಾನಕ ವಿಚಲನೆ 1.14, ಅದನ್ನು ಐದರ ವರ್ಗಮೂಲದಿಂದ ಭಾಗಿಸಿ, 2.78ರಿಂದ ಗುಣಿಸಿದರೆ 1.4. ಹಾಗಾಗಿ ವರದಿಯಲ್ಲಿ 247.6, ಹೆಚ್ಚುಕಡಿಮೆ 1.4 ಎಂದು ಬರೆದೆವು. ಮೇಲಿನ ತುದಿ 249. ಕೂದಲೆಳೆಯಲ್ಲಿ ಪಾಸು.

ಆದರೆ ಸಿಲ್ವರ್ ನೈಟ್ರೇಟಿನ ಸಾಂದ್ರತೆಯೇ ತಪ್ಪಾಗಿದ್ದರೆ ಐದಲ್ಲ, ಐವತ್ತು ಅಂಕಿಗಳೂ ಒಗ್ಗಟ್ಟಾಗಿ ಸುಳ್ಳು ಹೇಳುತ್ತವೆ. ಅದನ್ನು ತೂಕ ಮಾಡಿದ ಶುದ್ಧ ಉಪ್ಪಿನ ದ್ರಾವಣದೆದುರು ಮೊದಲೇ ಒರೆಗೆ ಹಚ್ಚಿದ್ದೆವು.

ವರದಿ ನೋಡಿದ ಆ ಅಮ್ಮ ಕೇಳಿದರು: "ಹಾಗಾದರೆ ಮಳೆ ಬರುವವರೆಗೆ ತೊಂದರೆ ಇಲ್ಲವಲ್ಲ, ಮಾಷ್ಟ್ರೇ?"

ನನ್ನ ಬಳಿ ಉತ್ತರವಿರಲಿಲ್ಲ. ಐದು ಸಲ ಅಳೆದದ್ದು ಒಂದೇ ಬಾಟಲಿಯನ್ನು, ಒಂದೇ ದಿನದ ನೀರನ್ನು. ಹೊಳೆ ಬತ್ತಿ ಉಪ್ಪುನೀರು ಒಳಗೆ ಏರುವ ಮೇ ತಿಂಗಳ ಬಾವಿಯ ಬಗ್ಗೆ ಆ 1.4 ಏನನ್ನೂ ಹೇಳುವುದಿಲ್ಲ. ವಾರಕ್ಕೊಂದು ಬಾಟಲಿ ತರಲು ಹೇಳಿದೆ. ಮುಂದಿನ ಸೋಮವಾರ ಬಂದರು, ಈ ಬಾರಿ ನೆರೆಮನೆಯವರ ಬಾಟಲಿಯೂ ಕೈಯಲ್ಲಿತ್ತು.