ಬೋಗೋರಿನ ಆ ನಾಲ್ಕು ದಿನ

1988ರ ಜುಲೈ ತಿಂಗಳು. ಜಕಾರ್ತಾದಿಂದ ಸ್ವಲ್ಪ ದೂರದ ಬೋಗೋರ್ ಅರಮನೆ. ಅದರ ಅಂಗಳದ ಹುಲ್ಲಿನಲ್ಲಿ ಜಿಂಕೆಗಳು ಮೇಯುತ್ತವೆ. ನಮ್ಮ ಬಂಡೀಪುರದಲ್ಲಿ ಕಾಣುವ ಅದೇ ಚುಕ್ಕೆ ಜಿಂಕೆ. ಅಲ್ಲಿಗೆ ಕಾಂಬೋಡಿಯಾದ ನಾಲ್ಕು ಬಣದವರು ಬಂದರು. ಸುಮಾರು ಹತ್ತು ವರ್ಷದ ಯುದ್ಧದಲ್ಲಿ ನಾಲ್ವರೂ ಒಟ್ಟಿಗೆ ಕೂತಿದ್ದು ಅದೇ ಮೊದಲು.

ಅವರನ್ನು ಕೂರಿಸಿದ್ದು ಅಮೆರಿಕ ಅಲ್ಲ, ಚೀನಾ ಅಲ್ಲ, ಸೋವಿಯತ್ ಒಕ್ಕೂಟವೂ ಅಲ್ಲ. ಇಂಡೋನೇಷ್ಯಾ.

1978ರ ಡಿಸೆಂಬರ್‌ನಲ್ಲಿ ವಿಯೆಟ್ನಾಂ ಸೇನೆ ಕಾಂಬೋಡಿಯಾಕ್ಕೆ ನುಗ್ಗಿ, ಅಲ್ಲಿನ ಕಮ್ಯುನಿಸ್ಟ್ ಗುಂಪಾದ ಖಮೇರ್ ರೂಜ್‌ನ ಆಡಳಿತವನ್ನು ಕಿತ್ತುಹಾಕಿತ್ತು. ವಿಯೆಟ್ನಾಂ ಕೂರಿಸಿದ ಸರ್ಕಾರ ಒಂದು ಬಣ. ಖಮೇರ್ ರೂಜ್ ಸೇರಿ ಅದರ ವಿರುದ್ಧ ಹೋರಾಡುತ್ತಿದ್ದ ಮೂರು ಗುಂಪು ಉಳಿದ ಬಣಗಳು. ವಿಯೆಟ್ನಾಂ ಬೆನ್ನಿಗೆ ಸೋವಿಯತ್, ಖಮೇರ್ ರೂಜ್ ಬೆನ್ನಿಗೆ ಚೀನಾ. ಮಾತುಕತೆ ಎಂದರೆ ಸಾಕು, ತಕರಾರು. ಇದು ಕಾಂಬೋಡಿಯಾದವರ ಒಳಜಗಳ, ಅವರೇ ಬಗೆಹರಿಸಿಕೊಳ್ಳಲಿ ಅಂತ ವಿಯೆಟ್ನಾಂ. ದಾಳಿ ಮಾಡಿದವರು ನೀವು, ಮೊದಲು ನೀವು ಬನ್ನಿ ಅಂತ ಎದುರಿನವರು.

ಇಂಡೋನೇಷ್ಯಾ ಏನು ಮಾಡಿತು ಗೊತ್ತಾ? ಸಭೆಯನ್ನೇ ಎರಡು ಪಂಕ್ತಿ ಮಾಡಿತು. ಮೊದಲು ನಾಲ್ಕು ಬಣದವರು ಮಾತ್ರ. ಆಮೇಲೆ ವಿಯೆಟ್ನಾಂ, ಲಾವೋಸ್, ಆಗ್ನೇಯ ಏಷ್ಯಾದ ಕೂಟವಾದ ಆಸಿಯಾನ್ ದೇಶದವರು ಬಂದು ಸೇರಿಕೊಂಡರು. ಹೆಸರೂ ಜಕಾರ್ತಾ ಇನ್‌ಫಾರ್ಮಲ್ ಮೀಟಿಂಗ್. ಅಲ್ಲಿ ಕೂತ ಮಾತ್ರಕ್ಕೆ ಯಾರನ್ನೂ ಸರ್ಕಾರ ಅಂತ ಒಪ್ಪಿಕೊಂಡ ಹಾಗಾಗುವುದಿಲ್ಲ. ಒಳಜಗಳವೇ ಮೊದಲು ಚರ್ಚೆಗೆ ಬಂತು ಅಂತ ವಿಯೆಟ್ನಾಂ ಹೇಳಿಕೊಳ್ಳಬಹುದು. ವಿಯೆಟ್ನಾಮನ್ನು ಕರೆತಂದೆವು ಅಂತ ಉಳಿದವರು ಹೇಳಿಕೊಳ್ಳಬಹುದು. ಇಬ್ಬರ ಮರ್ಯಾದೆಯೂ ಉಳಿಯಿತು. ಈ ಏರ್ಪಾಟಿಗೆ ವಿಯೆಟ್ನಾಮನ್ನು ಒಪ್ಪಿಸಿದ್ದು 1987ರಲ್ಲಿ ಇಂಡೋನೇಷ್ಯಾದ ವಿದೇಶಾಂಗ ಸಚಿವರಾಗಿದ್ದ ಮೊಖ್ತಾರ್ ಕುಸುಮಾತ್ಮಜ. ನಡೆಸಿಕೊಟ್ಟಿದ್ದು ಅವರ ನಂತರ ಬಂದ ಅಲಿ ಅಲಾತಾಸ್.

ಸುಮ್ನೆ ಸಭೆ ಸೇರ್ತಾರೆ, ಕೈಕುಲುಕಿ ಫೋಟೋ ತೆಗೆಸಿಕೊಳ್ತಾರೆ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪಲ್ಲ. ಬೋಗೋರಿನಲ್ಲಿ ಒಪ್ಪಂದವೇನೂ ಆಗಲಿಲ್ಲ, ನಿಜ. ಯುದ್ಧವೂ ನಿಲ್ಲಲಿಲ್ಲ. ದೊಡ್ಡ ದೇಶಗಳು ಮನಸ್ಸು ಮಾಡುವವರೆಗೆ ಕಾಯಬೇಕಾಯಿತು. ಆದರೆ ಅವು ಮನಸ್ಸು ಮಾಡುವ ಹೊತ್ತಿಗೆ, ಮಾತಾಡಬೇಕಾದವರಿಗೆ ಒಬ್ಬರನ್ನೊಬ್ಬರು ಎದುರಿಸಿ ಕೂತು ರೂಢಿಯಾಗಿತ್ತು. ವಿಶ್ವಸಂಸ್ಥೆಯೇ ಚುನಾವಣೆ ನಡೆಸಲಿ ಎಂಬ ಯೋಜನೆಯನ್ನು ಆಸ್ಟ್ರೇಲಿಯಾ ಹಿಡಿದು ಓಡಾಡಿತು. ಅದೂ ಅಂಥ ದೊಡ್ಡ ಶಕ್ತಿಯೇನಲ್ಲ. 1991ರ ಅಕ್ಟೋಬರ್ 23ರಂದು ಪ್ಯಾರಿಸ್‌ನಲ್ಲಿ ಸಹಿ ಬಿದ್ದಾಗ ಸಮ್ಮೇಳನದ ಅಧ್ಯಕ್ಷತೆ ಫ್ರಾನ್ಸ್ ಜೊತೆ ಇಂಡೋನೇಷ್ಯಾದ್ದೂ ಆಗಿತ್ತು. 1993ರಲ್ಲಿ ಕಾಂಬೋಡಿಯಾದ ಜನ ಸಾಲುಗಟ್ಟಿ ನಿಂತು ಮತ ಹಾಕಿದರು.

ನನ್ನ ಸಂಕಟ ನಮ್ಮ ಕಡೆಯದು. 1986ರ ನವೆಂಬರ್‌ನಲ್ಲಿ ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಶೃಂಗಸಭೆ ನಡೆದಿದ್ದು ನಮ್ಮ ಬೆಂಗಳೂರಿನಲ್ಲೇ. ನಾಯಕರು ನಂದಿಬೆಟ್ಟಕ್ಕೂ ಹೋಗಿದ್ದರು. ಕೊನೆಯ ಶೃಂಗಸಭೆ 2014ರಲ್ಲಿ, ಕಠ್ಮಂಡುವಿನಲ್ಲಿ. ಆಮೇಲೆ ಒಂದೂ ಇಲ್ಲ. ಪಾಕಿಸ್ತಾನದ ಮೇಲೆ ಭಾರತದ ಮುನಿಸಿಗೆ ಕಾರಣ ಇದೆ, ಉಗ್ರರ ದಾಳಿ ಸಣ್ಣ ವಿಷಯವಲ್ಲ. ಹಾಗಂತ ಇಡೀ ದಕ್ಷಿಣ ಏಷ್ಯಾ ಒಂದು ಕಡೆ ಕೂರುವುದನ್ನೇ ಬಿಡಬೇಕಾ? ಇಲ್ಲಿ ಕರೆಯುವ ಕೆಲಸ ಭಾರತದಿಂದ ಆಗುವಂಥದ್ದಲ್ಲ, ಪಾಕಿಸ್ತಾನದಿಂದಲೂ ಅಲ್ಲ. ನೇಪಾಳವೋ ಶ್ರೀಲಂಕಾವೋ ಬಾಂಗ್ಲಾದೇಶವೋ ಮುಂದೆ ಬರಬೇಕು. ಇದು ಶೃಂಗಸಭೆಯಲ್ಲ, ನಾಲ್ಕು ದಿನ ಸುಮ್ನೆ ಬಂದು ಹೋಗಿ ಅಂತ ಕರೆಯಬೇಕು. ಕರೆದರೆ ದೆಹಲಿಯವರು ಹೋಗಬೇಕು.