ಬುರುಡೆ ಮಾತಾಡಿದ ಹಾಡು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಒಂದೇ ಒಂದು ಹಾಡಿನ ಮಾತು. ಇಟಲಿಯ ಸಿಸಿಲಿ ದ್ವೀಪದ್ದು, ಹೆಸರು ‘ವಿತ್ತಿ ನಾ ಕ್ರೊತ್ಸಾ’. ಹಾಗಂದ್ರೆ ‘ಒಂದು ತಲೆಬುರುಡೆ ಕಂಡೆ’ ಅಂತ.

ಇದನ್ನು ನೀವು ಹುಡುಕಿದರೆ ಮೊದಲು ಸಿಗೋದು ಕುಣಿತದ ಹಾಡೇ. ಅಕಾರ್ಡಿಯನ್, ಕಂಜಿರದಂಥ ವಾದ್ಯ, ನಡುನಡುವೆ ಎಲ್ಲರೂ ಸೇರಿ ‘ತ್ರಲ್ಲಲ್ಲೇರು’ ಅಂತ ಎತ್ತುವ ಪಲ್ಲವಿ. ಕಾಲು ತಾನಾಗಿ ತಾಳ ಹಾಕುತ್ತದೆ. ಆದರೆ ಸಾಲುಗಳ ಅರ್ಥ ಕೇಳಿ. ಬುರುಡೆ ಕಂಡವನು ಕುತೂಹಲ ತಡೆಯಲಾರದೆ ಅದನ್ನು ಮಾತಾಡಿಸುತ್ತಾನೆ. ಅದು ಸಂಕಟದಿಂದ ಹೇಳುತ್ತದೆ: ನಾನು ಸತ್ತಾಗ ಗಂಟೆ ಕೂಡ ಬಾರಿಸಲಿಲ್ಲ. ಇದಕ್ಕೆ ಕುಣಿಯೋದು ಹೇಗೆ, ಹೇಳಿ?

ಪದಗಳು ಜನಪದರವು. ಧಾಟಿ ಮಾತ್ರ 1950ರದು. ಗಂಧಕದ ಗಣಿ ಮುಚ್ಚಿ ಊರು ಬಿಟ್ಟು ಹೊರಟವರ ಬಗ್ಗೆ ಪಿಯೆತ್ರೊ ಜೆರ್ಮಿ ಸಿನಿಮಾ ಮಾಡುತ್ತಿದ್ದಾಗ, ಫಾವಾರಾ ಊರಿನ ಒಬ್ಬ ಗಣಿಕೆಲಸಗಾರ ಈ ಸಾಲುಗಳನ್ನು ಒಪ್ಪಿಸಿದ. ಫ್ರಾಂಕೊ ಲಿ ಕಾವ್ಸಿ ರಾಗ ಕಟ್ಟಿದರು. ಕುಣಿಸುವ ಆ ‘ತ್ರಲ್ಲಲ್ಲೇರು’ ಆಮೇಲೆ ಸೇರಿಕೊಂಡದ್ದು.

ಬುರುಡೆ ಇದ್ದದ್ದು ‘ಕನ್ನೂನಿ’ಯ ಮೇಲೆ ಅಂತ ಹಾಡು ಹೇಳುತ್ತದೆ. ತುಂಬ ಜನ ಇದನ್ನು ಫಿರಂಗಿ ಅಂದುಕೊಂಡು ಯುದ್ಧದ ಹಾಡು ಮಾಡಿಬಿಟ್ಟರು. ಅದು ಕೋಟೆಯ ಬುರುಜು ಅನ್ನುವವರೂ ಇದ್ದಾರೆ. ಇಲ್ಲ, ಅದು ಗಣಿಯ ಬಾಯಿ, ಒಳಗೆ ಸತ್ತವರಿಗೆ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿರಲಿಲ್ಲ ಅನ್ನುವುದು ಇನ್ನೊಂದು ಓದು. ನನ್ನ ಮನಸ್ಸು ಒಪ್ಪುವುದು ಇದನ್ನೇ. ಸಿಸಿಲಿಯ ಗಂಧಕದ ಗಣಿಗಳಲ್ಲಿ ‘ಕರೂಸಿ’ ಅನ್ನುವ ಸಣ್ಣ ಹುಡುಗರು ಬೆನ್ನ ಮೇಲೆ ಅದಿರು ಹೊತ್ತು ಕತ್ತಲ ಮೆಟ್ಟಿಲು ಹತ್ತುತ್ತಿದ್ದರು, ಅಂಥ ಕಡೆ ಹುಟ್ಟಿದ ಪದಕ್ಕೆ ಫಿರಂಗಿ ಯಾಕೆ ಬೇಕು, ಅಲ್ವಾ?

ಇಟಲಿಯ ಗಾಯಕ ದೊಮೆನಿಕೊ ಮೊದುನ್ಯೊ ಹಾಡಿದ್ದಾರೆ, ಪೋರ್ಚುಗಲ್ಲಿನ ಅಮಾಲಿಯಾ ರೊದ್ರಿಗೆಸ್ ಕೂಡ. ನೀವು ಮಾತ್ರ ಮೊದಲು ಲಿಕಾತಾ ಊರಿನ ರೋಸಾ ಬಾಲಿಸ್ತ್ರೇರಿ ಅವರ ದನಿಯಲ್ಲಿ ಕೇಳಿ. ಬಡತನದಲ್ಲೇ ಬೆಳೆದ ಹೆಣ್ಣುಮಗಳು. ಆ ಗಡಸು ದನಿಗೆ ಈ ಪದ ಸರಿಯಾಗಿ ಕೂರುತ್ತದೆ. ವರ್ಷಗಳೆಲ್ಲ ಎಲ್ಲಿ ಹೋದವೋ ತಿಳಿಯದು, ಈಗ ಎಂಬತ್ತಾಯಿತು, ಬದುಕನ್ನು ಕೂಗಿದರೆ ಸಾವು ಓಗೊಡುತ್ತದೆ ಅನ್ನುವ ಸಾಲು ಬರುತ್ತದೆ. ಅಲ್ಲಿ ರೇಡಿಯೊ ದನಿ ಸ್ವಲ್ಪ ಜಾಸ್ತಿ ಮಾಡಿ.