ಮುಂಗುಸಿಯ ಮೇಲೆ ಹೊರಿಸುವ ಮೊದಲು

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮೊದಲು ಒಂದು ಮಾತು. ಹಿಂದಿನ ಸಾಲಿನಲ್ಲಿ ಕೂತಿರುವ ಒಬ್ಬರು ಬೆಳಿಗ್ಗೆ ಸತ್ತು ಬಿದ್ದಿದ್ದ ಕೋಳಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಾರೆ. "ಇದನ್ನ ಯಾವುದು ಕೊಂದಿದೆ, ಹೇಳಿ ಸಾರ್" ಅಂತ ಬಾಗಿಲಲ್ಲೇ ಕೇಳಿದರು. ಚೀಲ ಹೊರಗೆ ನೆರಳಿನಲ್ಲಿರಲಿ, ಮಾತು ಮುಗಿದ ಮೇಲೆ ನೋಡೋಣ ಅಂದಿದ್ದೇನೆ. ಕೆಲವರು ಮೂಗು ಮುಚ್ಚಿಕೊಂಡು ನಕ್ಕಿರಿ, ನೋಡಿದೆ. ಆದರೆ ಸರಿಯಾದ ಕೆಲಸ ಮಾಡಿದವರು ಅವರೇ. ಉಳಿದವರು, ಅಂದರೆ ನಾವೆಲ್ಲ, ಏನು ಮಾಡುತ್ತೇವೆ? ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುತ್ತೇವೆ, ಸತ್ತ ಕೋಳಿ ನೋಡುತ್ತೇವೆ, ನಾಲ್ಕು ಬೈಗುಳ ಬೈಯುತ್ತೇವೆ, ಗುಂಡಿ ತೆಗೆದು ಹೂಳುತ್ತೇವೆ, ಪುಕ್ಕ ಗುಡಿಸುತ್ತೇವೆ. ಇಷ್ಟೆಲ್ಲ ಆದಮೇಲೆ ನನಗೆ ಫೋನ್ ಮಾಡಿ ಯಾವ ಪ್ರಾಣಿ ಇರಬಹುದು ಅಂತ ಕೇಳುತ್ತೀರಿ. ಇದ್ದ ಸಾಕ್ಷಿಗೆಲ್ಲ ಮಣ್ಣು ಎಳೆದಾಗಿದೆ. ನಾನೇನು ಹೇಳಲಿ?

ನಾನೂ ಹೀಗೇ ಮಾಡಿದವನೇ. ಒಮ್ಮೆ ನಮ್ಮ ಹೇಂಟೆ 11 ಮರಿ ಮಾಡಿತ್ತು. ಕೆಲವು ದಿನ ಬೆಳಿಗ್ಗೆ ಎಣಿಸಿದರೆ ಒಂದೋ ಎರಡೋ ಕಡಿಮೆ. ರಕ್ತ ಇಲ್ಲ, ಪುಕ್ಕ ಇಲ್ಲ, ಏನೂ ಇಲ್ಲ. ಬೇಲಿ ಪಕ್ಕ ಒಂದು ಮುಂಗುಸಿ ಮಧ್ಯಾಹ್ನದ ಹೊತ್ತು ಓಡಾಡುವುದನ್ನು ಎರಡು ಸಲ ನೋಡಿದ್ದೆ. ಸಾಕಲ್ಲ, ತೀರ್ಪು ಆಯಿತು. ಬೋನು ತಂದೆ, ಬೇಲಿ ಬಿಗಿ ಮಾಡಿದೆ, ಎರಡು ವಾರ ಮುಂಗುಸಿ ಹಿಂದೆ ಬಿದ್ದೆ. ಅಷ್ಟರಲ್ಲಿ ಉಳಿದಿದ್ದು ಮೂರೇ ಮರಿ. ನನ್ನ ತಲೆಗೆ ಹೊಳೆಯದೇ ಹೋದ ಒಂದು ಸಣ್ಣ ವಿಷಯ ಇತ್ತು. ಮುಂಗುಸಿ ಸಾಮಾನ್ಯವಾಗಿ ಹಗಲಿನ ಪ್ರಾಣಿ, ನನ್ನ ಮರಿ ಹೋಗುತ್ತಿದ್ದದ್ದು ರಾತ್ರಿ. ಕೊನೆಗೆ ಗೂಡಿನ ನೆಲದ ಮೇಲೆ ಬೂದಿ ಜರಡಿ ಹಿಡಿದು ಹರಡಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬೂದಿ ಮೇಲೆ ಪುಟ್ಟ ಪುಟ್ಟ ಹೆಜ್ಜೆ, ನಡುವೆ ಗೆರೆ ಎಳೆದ ಹಾಗೆ ಬಾಲದ ಗುರುತು. ಗೆರೆ ಹಿಡಿದು ಹೋದೆ. ಅದು ಸೀದಾ ನಾನೇ ಜೋಡಿಸಿಟ್ಟಿದ್ದ ಕೋಳಿ ಆಹಾರದ ಮೂಟೆಗಳ ಹಿಂದಕ್ಕೆ ಹೋಯಿತು. ಮೂಟೆ ಸರಿಸಿದರೆ ಬಿಲ, ಬಿಲದ ಬಾಯಲ್ಲಿ ಒಂದು ಮರಿಯ ಎರಡು ರೆಕ್ಕೆ. ಇಲಿ! ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅಂತಾರಲ್ಲ, ಇಲ್ಲಿ ಕೋತಿಗೆ ಆ ಕಷ್ಟವೂ ಇರಲಿಲ್ಲ, ಒರೆಸುವ ಕೆಲಸ ನಾನೇ ಮಾಡಿಕೊಟ್ಟಿದ್ದೆ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಪ್ರಾಣಿ" ಅಲ್ಲ, "ಯಾವ ಹೊತ್ತು". ಸಂಜೆ ಗೂಡಿಗೆ ಹೋಗುವಾಗ ಎಣಿಸಿ, ಬೆಳಿಗ್ಗೆ ಬಿಡುವಾಗ ಎಣಿಸಿ. ಎರಡು ನಿಮಿಷದ ಕೆಲಸ. ಗಿಡುಗ, ಹದ್ದು, ಕಾಗೆ, ಮುಂಗುಸಿ ಇವೆಲ್ಲ ಹಗಲಿನ ಗಿರಾಕಿಗಳು. ಗೂಬೆ, ಪುನುಗು ಬೆಕ್ಕು, ಇಲಿ, ಹೆಗ್ಗಣ ರಾತ್ರಿಯವು. ನರಿ, ಕಾಡುಬೆಕ್ಕು ಜಾಸ್ತಿ ಬರುವುದು ಕತ್ತಲಲ್ಲಿ, ಮುಂಜಾವು ಮುಸ್ಸಂಜೆಗಳಲ್ಲಿ, ಆದರೆ ಮರಿ ಸಾಕುವ ಕಾಲದಲ್ಲಿ ಹಗಲಲ್ಲೂ ಕಾಣಿಸುತ್ತವೆ. ನಾಯಿಗೆ ಹೊತ್ತುಗೊತ್ತು ಇಲ್ಲ. ಹಾವಿನಲ್ಲಿ ಎರಡೂ ಥರದವು ಇವೆ. ಕೋಳಿಗೆ ಹಗಲಲ್ಲಿ ಕಣ್ಣು ಬಹಳ ಚುರುಕು, ಕತ್ತಲಾಯಿತೋ ಏನೂ ಕಾಣದು. ಅಡ್ಡೆಯ ಮೇಲೆ ಕೂತ ಕೋಳಿಯನ್ನು ರಾತ್ರಿ ಕೈಯಲ್ಲಿ ಎತ್ತಿಕೊಂಡರೂ ಸುಮ್ನೆ ಇರುತ್ತದೆ, ನಿಮಗೇ ಗೊತ್ತು. ನಿಮಗೆ ಸುಲಭ ಆದದ್ದು ಬೇರೆಯವರಿಗೂ ಸುಲಭ ಅಲ್ವಾ? ಅದಕ್ಕೇ ರಾತ್ರಿ ಎಷ್ಟೋ ಸಲ ಸದ್ದೇ ಕೇಳಿಸುವುದಿಲ್ಲ.

ಇನ್ನು ಸತ್ತ ಕೋಳಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಮುಕ್ಕಾಲು ಪಾಲು ಉತ್ತರ ಇಲ್ಲೇ ಇರುತ್ತದೆ. ಕೈಗೆ ಗವಸು ಹಾಕಿಕೊಳ್ಳಿ. ಎತ್ತುವ ಮೊದಲು ಬಿದ್ದಿರುವ ಜಾಗದಲ್ಲೇ ಫೋಟೋ ತೆಗೆಯಿರಿ. ಆಮೇಲೆ ತಿರುಗಿಸಿ ನೋಡಿ. ಮೇಲಿನಿಂದ ನೋಡಿದರೆ ಪುಕ್ಕ ಎಲ್ಲ ಮುಚ್ಚಿರುತ್ತದೆ, ಏನೂ ತಿಳಿಯುವುದಿಲ್ಲ. ಕುತ್ತಿಗೆ, ಬೆನ್ನು, ಬುಡದ ಹತ್ತಿರ ಪುಕ್ಕ ಸರಿಸಿ. ಇನ್ನೂ ಖಚಿತ ಬೇಕಾದರೆ ಚರ್ಮ ಬಿಡಿಸಿ ಒಳಭಾಗ ನೋಡಬೇಕು. ಹಲ್ಲು ಇಳಿದ ಜಾಗದ ಸುತ್ತ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಗೆ, ನೇರಳೆ ಬಣ್ಣಕ್ಕೆ ತಿರುಗಿದ್ದರೆ ಕೋಳಿ ಬದುಕಿದ್ದಾಗಲೇ ಕಚ್ಚಿಸಿಕೊಂಡಿದೆ ಅಂತ ಅರ್ಥ. ಮಾಂಸ ಹರಿದಿದೆ, ತೂತು ಬಿದ್ದಿದೆ, ಆದರೆ ಸುತ್ತ ಎಲ್ಲೂ ರಕ್ತ ಹರಡಿಲ್ಲ, ಮಾಂಸ ಬಿಳಿಚಿಕೊಂಡಿದೆ ಅಂದರೆ ಅದು ಸತ್ತ ಮೇಲೆ ಯಾರೋ ಬಂದು ತಿಂದದ್ದು. ಇದು ತುಂಬ ಮುಖ್ಯ. ರೋಗದಿಂದಲೋ ಬಿಸಿಲಿನ ಝಳಕ್ಕೋ ಸತ್ತ ಕೋಳಿಯನ್ನು ಇಲಿ ತಿಂದಿರುತ್ತದೆ, ಕಾಗೆ ಕುಕ್ಕಿರುತ್ತದೆ, ನಾವು ಬೆಕ್ಕಿಗೆ ಕಲ್ಲು ಬೀರುತ್ತಿರುತ್ತೇವೆ. ಗಾಯವೇ ಇಲ್ಲದೆ ಒಂದೇ ಸಲ ಹಲವು ಕೋಳಿ ಸತ್ತಿದ್ದರೆ ಮಾತ್ರ ಕೊಯ್ದು ನೋಡಲು ಹೋಗಬೇಡಿ. ಅದು ಪಶುವೈದ್ಯರ ಕೆಲಸ. ಹಕ್ಕಿಜ್ವರದಂಥದ್ದೂ ಇರಬಹುದು, ಮುಟ್ಟದೆ ಮೊದಲು ಅವರಿಗೆ ತಿಳಿಸಿ.

ಕುತ್ತಿಗೆ ಅಥವಾ ತಲೆಯ ಹಿಂದೆ ಸೂಜಿ ಚುಚ್ಚಿದ ಹಾಗೆ ಸಣ್ಣ ತೂತು, ಬೇರೆ ಏನೂ ತಿಂದಿಲ್ಲ, ಅಂಥವು ನಾಲ್ಕೈದು ಬಿದ್ದಿವೆ ಅಂದರೆ ಸಣ್ಣ ಬಾಯಿಯ, ಉದ್ದ ಮೈಯ ಪ್ರಾಣಿ. ನಮ್ಮ ಕಡೆ ಮುಂಗುಸಿಯ ಹೆಸರು ಹೇಳಬಹುದು, ತಣ್ಣಗಿನ ದೇಶಗಳಲ್ಲಿ ವೀಸಲ್ ಅನ್ನುವ ಪ್ರಾಣಿ ಇದೇ ಕೆಲಸ ಮಾಡುತ್ತದೆ. ಕೋಳಿಗಳು ಅಂಗಳದ ತುಂಬ ಅಲ್ಲೊಂದು ಇಲ್ಲೊಂದು ಬಿದ್ದಿವೆ, ಬೆನ್ನು ತೊಡೆ ಎಲ್ಲ ಸಿಕ್ಕಾಪಟ್ಟೆ ಕಚ್ಚಿದೆ, ಪುಕ್ಕ ಜೊಲ್ಲಿನಿಂದ ಒದ್ದೆ, ಒಂದನ್ನೂ ಸರಿಯಾಗಿ ತಿಂದಿಲ್ಲ ಅಂದರೆ ನಾಯಿ. ಅದಕ್ಕೆ ಹಸಿವಲ್ಲ, ಆಟ. ಅಟ್ಟಿಸಿಕೊಂಡು ಹೋಗುತ್ತದೆ, ಹಿಡಿಯುತ್ತದೆ, ಅಲುಗಾಡುವುದು ನಿಂತ ಕೂಡಲೇ ಬಿಟ್ಟು ಇನ್ನೊಂದರ ಹಿಂದೆ ಓಡುತ್ತದೆ. "ನಮ್ಮ ನಾಯಿ ಹಾಗಲ್ಲ ಸಾರ್" ಅಂತ ಈಗ ಯಾರೋ ಮನಸ್ಸಲ್ಲೇ ಅಂದುಕೊಂಡಿರಿ, ಗೊತ್ತು. ಎಲ್ಲರೂ ಹಾಗೇ ಅನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ನಾನು ಮೂರು ಮನೆಯಲ್ಲಿ ನೋಡಿದ್ದೇನೆ.

ತಲೆ ಮಾತ್ರ ಇಲ್ಲ, ಉಳಿದದ್ದು ಹಾಗೇ ಇದೆ. ಇದನ್ನು ನೋಡಿ ಜನ ಹೆದರುತ್ತಾರೆ, ಏನೇನೋ ಕಥೆ ಕಟ್ಟುತ್ತಾರೆ. ಕೋಳಿ ಜಾಲರಿಗೆ ಒರಗಿಕೊಂಡು ಬಿದ್ದಿದೆಯಾ ನೋಡಿ. ಹಾಗಿದ್ದರೆ ಕೊಂದದ್ದು ಒಳಗೆ ಬಂದೇ ಇಲ್ಲ, ಹೊರಗೆ ನಿಂತು ಕುತ್ತಿಗೆ ಎಳೆದಿದೆ. ಅಮೆರಿಕದಲ್ಲಿ ರಕೂನ್ ಅನ್ನುವ ಪ್ರಾಣಿ ಈ ಕೆಲಸಕ್ಕೆ ಹೆಸರುವಾಸಿ, ಅದರ ಮುಂಗೈ ಚಿಲಕ ತೆಗೆಯುವಷ್ಟು ಚುರುಕು. ಮರದ ಮೇಲೋ ಬಯಲಲ್ಲೋ ಮಲಗುವ ಕೋಳಿಯಾದರೆ ದೊಡ್ಡ ಗೂಬೆಯನ್ನು ನೆನೆಯಿರಿ. ಹೊತ್ತೊಯ್ಯಲು ಭಾರವಾದ ಹಕ್ಕಿಯ ತಲೆ, ಕುತ್ತಿಗೆ ತಿಂದು ಉಳಿದದ್ದನ್ನು ಬಿಟ್ಟು ಹೋಗುತ್ತದೆ.

ಹಿಂಭಾಗದಲ್ಲಿ ತೂತು, ಕರುಳು ಹೊರಗೆ, ಮುಂದೆಲ್ಲ ಚೆನ್ನಾಗಿದೆ, ಗೂಡಿನ ಬಾಗಿಲು ಭದ್ರವಾಗಿ ಹಾಕಿತ್ತು. ಹಾಗಾದರೆ ದಯವಿಟ್ಟು ಕಾಡಿನ ಕಡೆ ನೋಡಬೇಡಿ, ಉಳಿದ ಕೋಳಿಗಳ ಕೊಕ್ಕು ನೋಡಿ. ಕೊಕ್ಕಿನ ಮೇಲೆ ರಕ್ತ ಒಣಗಿ ಅಂಟಿರುತ್ತದೆ. ಮೊಟ್ಟೆ ಇಡುವಾಗ ಕೆಲವಕ್ಕೆ ಬುಡದ ಭಾಗ ಹೊರಗೆ ಬರುತ್ತದೆ, ಕೆಂಪಗೆ ಕಾಣುತ್ತದೆ. ಕೆಂಪು ಕಂಡರೆ ಕೋಳಿ ಕುಕ್ಕದೆ ಬಿಡುವುದಿಲ್ಲ. ಒಂದು ಕುಕ್ಕಿದರೆ ಎಲ್ಲವೂ ಕುಕ್ಕುತ್ತವೆ. ಇಕ್ಕಟ್ಟಾದ ಗೂಡು, ವಿಪರೀತ ಬೆಳಕು, ಆಹಾರದಲ್ಲಿ ಪ್ರೋಟೀನ್ ಅಥವಾ ಉಪ್ಪಿನಂಶ ಕಡಿಮೆ ಆಗುವುದು, ಇವುಗಳಿಂದ ಈ ಚಟ ಜಾಸ್ತಿ ಆಗುತ್ತದೆ. ಇದಕ್ಕೆ ಜಗತ್ತಿನ ಯಾವ ಬೇಲಿಯೂ ಉಪಯೋಗವಿಲ್ಲ. ಹಾಗೇ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು, ಗಾಯವೇ ಇಲ್ಲದೆ ಚಪ್ಪಟೆಯಾಗಿ ಸತ್ತಿದ್ದರೆ ಅದು ಗಾಬರಿಯ ಸಾವು. ಹೊರಗೆ ಏನೋ ಸುಳಿದಿದೆ, ಇವು ಮೂಲೆಗೆ ನುಗ್ಗಿ ಅಡಿಯಲ್ಲಿದ್ದವು ಉಸಿರುಗಟ್ಟಿ ಹೋಗಿವೆ.

ಮರಿ ಸತ್ತು ಬಿದ್ದಿದೆ, ಗಾಯವಿಲ್ಲ, ಆದರೆ ತಲೆಯಿಂದ ಭುಜದವರೆಗೆ ಪುಕ್ಕ ಒದ್ದೆಯಾಗಿ, ಬಾಚಿದ ಹಾಗೆ ಮೈಗೆ ಅಂಟಿದೆ. ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹಾವು ನುಂಗಲು ಶುರು ಮಾಡಿ, ಭುಜದ ಹತ್ತಿರ ಆಗದೆ, ಉಗುಳಿ ಹೋಗಿದೆ. ಮೊಟ್ಟೆ ಚೂರೂ ಇಲ್ಲದೆ ಮಾಯವಾಗುತ್ತಿದ್ದರೆ ಅಲ್ಲಿಯೂ ಹಾವೇ ಇರಬಹುದು, ಅದು ಸಿಪ್ಪೆ ಸಮೇತ ನುಂಗುತ್ತದೆ. ಆದರೆ ಇಲಿಯೂ ಮೊಟ್ಟೆ ಉರುಳಿಸಿಕೊಂಡು ಹೋಗುತ್ತದೆ, ಹಾಗಾಗಿ ಬಿಲ ಹುಡುಕಿ ನೋಡಿಬಿಡಿ.

ಕೋಳಿಯೇ ಇಲ್ಲದಿದ್ದರೆ ಪುಕ್ಕ ಓದಬೇಕು. ಒಂದೇ ಜಾಗದಲ್ಲಿ ಪುಕ್ಕ ಗುಂಡಗೆ ರಾಶಿ ಬಿದ್ದಿದೆ, ಒಂದೊಂದು ಗರಿಯೂ ಬುಡ ಸಮೇತ ಕಿತ್ತು ಬಂದಿದೆ, ದಂಟಿನ ಮೇಲೆ ಕೊಕ್ಕು ಒತ್ತಿದ ಗುರುತಿದೆ, ಹತ್ತಿರದಲ್ಲಿ ಸುಣ್ಣ ಎರಚಿದ ಹಾಗೆ ಬಿಳಿ ಹಿಕ್ಕೆ. ಇದು ಗಿಡುಗದಂಥ ಬೇಟೆಹಕ್ಕಿ. ಕೂತು ನಿಧಾನವಾಗಿ ಪುಕ್ಕ ಕಿತ್ತು ಎದೆಮಾಂಸ ತಿಂದಿದೆ. ಗರಿಗಳು ನಡುವೆ ತುಂಡಾಗಿವೆ, ಗೊಂಚಲಾಗಿ ಜೊಲ್ಲಿಗೆ ಅಂಟಿಕೊಂಡಿವೆ ಅಂದರೆ ಹಲ್ಲಿರುವ ಪ್ರಾಣಿ. ಆ ಗರಿಗಳು ಬೇಲಿಯ ಕಡೆಗೆ ಸಾಲಾಗಿ ಬಿದ್ದಿದ್ದರೆ ನರಿಯೋ ಕಾಡುಬೆಕ್ಕೋ ಬಾಯಲ್ಲಿ ಕಚ್ಚಿಕೊಂಡು ಹೋಗಿದೆ. ಸಾಲು ಎಲ್ಲಿ ಮುಗಿಯುತ್ತದೋ ಅಲ್ಲೇ ಬೇಲಿಯ ತೂತು. ಒಂದು ಗರಿಯೂ ಇಲ್ಲ, ಚಿಲಕ ತೆಗೆದಿದೆ, ನಾಯಿಯೂ ಬೊಗಳಿಲ್ಲ, ಒಳ್ಳೆಯ ಹುಂಜಗಳೇ ಆರಿಸಿ ಹೋಗಿವೆ ಅಂದರೆ ಅದು ಎರಡು ಕಾಲಿನ ಪ್ರಾಣಿ. ಅದರ ಬಗ್ಗೆ ಮಾತಾಡಲು ನನ್ನನ್ನು ಕರೆದಿಲ್ಲ.

ಹೆಜ್ಜೆಗುರುತಿಗೆ ಬೂದಿ, ನುಣುಪು ಮರಳು, ಒದ್ದೆ ಮಣ್ಣು ಯಾವುದಾದರೂ ಸರಿ. ಬಾಗಿಲ ಮುಂದೆ, ಬೇಲಿಯ ಸಂದಿಯ ಮುಂದೆ ಹರಡಿ. ನಾಲ್ಕು ಬೆರಳು, ತುದಿಯಲ್ಲಿ ಉಗುರಿನ ಚುಕ್ಕೆ ಇದ್ದರೆ ನಾಯಿ, ನರಿ ಜಾತಿ. ನಾಲ್ಕು ಬೆರಳು, ಉಗುರಿಲ್ಲದೆ ದುಂಡಗಿದ್ದರೆ ಬೆಕ್ಕಿನ ಜಾತಿ, ಅದು ಉಗುರು ಒಳಗೆ ಎಳೆದುಕೊಂಡು ನಡೆಯುತ್ತದೆ. ಐದು ಬೆರಳು ಮೂಡಿದ್ದರೆ ಮುಂಗುಸಿ, ಪುನುಗು ಬೆಕ್ಕು. ಹೆಸರಲ್ಲಿ ಬೆಕ್ಕು ಇದ್ದರೂ ಪುನುಗು ಬೆಕ್ಕಿನ ಜಾತಿ ಬೇರೆ. ಟ್ರೇಲ್ ಕ್ಯಾಮೆರಾ, ಅಂದರೆ ಪ್ರಾಣಿ ಸುಳಿದರೆ ತಾನಾಗೇ ಫೋಟೋ ತೆಗೆಯುವ ಕ್ಯಾಮೆರಾ, ಇದ್ದವರು ಅದನ್ನು ಮೊಣಕಾಲೆತ್ತರಕ್ಕೆ ಕಟ್ಟಿ. ಆದರೆ ಅದರಲ್ಲಿ ಮೊದಲು ಕಂಡ ಮುಖವನ್ನೇ ಅಪರಾಧಿ ಅನ್ನಬೇಡಿ. ಸತ್ತ ಕೋಳಿಯ ಹತ್ತಿರ ರಾತ್ರಿ ಒಂದು ಗಂಟೆಗೆ ಪುನುಗು ಬೆಕ್ಕು ಕಂಡರೆ, ರಾತ್ರಿ ಒಂದು ಗಂಟೆಗೆ ಅದು ಅಲ್ಲಿತ್ತು ಅಂತ ಮಾತ್ರ ಗೊತ್ತಾಗುತ್ತದೆ.

"ತಿನ್ನುವುದು ಒಂದಾದರೆ ಹತ್ತು ಯಾಕೆ ಕೊಲ್ಲುತ್ತದೆ, ಎಂಥ ಕ್ರೂರಿ" ಅಂತ ಕೇಳುವವರಿದ್ದಾರೆ. ಹನ್ಸ್ ಕ್ರೂಕ್ ಎಂಬ ಪ್ರಾಣಿವಿಜ್ಞಾನಿ 1972ರಲ್ಲಿ ಇದರ ಮೇಲೆ ಒಂದು ಪ್ರಬಂಧ ಬರೆದರು. ಇಂಗ್ಲೆಂಡಿನಲ್ಲಿ ಕಡಲಹಕ್ಕಿಗಳು ನೆಲದಲ್ಲಿ ಗೂಡು ಮಾಡುವ ಜಾಗಕ್ಕೆ ನರಿಗಳು ಗಾಢ ಕತ್ತಲಿನ ರಾತ್ರಿ ನುಗ್ಗಿ, ತಿನ್ನುವುದಕ್ಕಿಂತ ಎಷ್ಟೋ ಹೆಚ್ಚು ಹಕ್ಕಿ ಕೊಂದು ಹೋಗುತ್ತಿದ್ದವು, ಯಾಕಂದರೆ ಆ ಕತ್ತಲಲ್ಲಿ ಹಕ್ಕಿಗಳು ಹಾರಿಹೋಗದೆ ಅಲ್ಲೇ ಕೂತಿರುತ್ತಿದ್ದವು. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಓಡಿಹೋಗಿರುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ನಮ್ಮ ಗೂಡಿನಲ್ಲಿ ಓಡಲು ಜಾಗವೇ ಇಲ್ಲ. ಕಣ್ಣೆದುರು ರೆಕ್ಕೆ ಬಡಿಯುತ್ತಲೇ ಇದ್ದರೆ ಅದು ಹಿಡಿಯುತ್ತಲೇ ಇರುತ್ತದೆ.

ಸರಿ, ಗೊತ್ತಾಯಿತು, ಮುಂದೇನು? ಸಿಟ್ಟಿಗೆ ವಿಷ ಇಡಬೇಡಿ. ವಿಷ ತಿಂದು ಸತ್ತದ್ದನ್ನು ತಿಂದ ಹದ್ದು ಸಾಯುತ್ತದೆ, ಪಕ್ಕದ ಮನೆ ನಾಯಿ ಸಾಯುತ್ತದೆ, ಜೊತೆಗೆ ಈ ಪ್ರಾಣಿಗಳಲ್ಲಿ ಬಹಳಷ್ಟಕ್ಕೆ ಹೆಚ್ಚಿನ ದೇಶಗಳಲ್ಲಿ ಕಾನೂನಿನ ರಕ್ಷಣೆ ಇದೆ. ಯಾವುದು ಬಂತು ಅಂತ ತಿಳಿದರೆ ಯಾವ ತೂತು ಮುಚ್ಚಬೇಕು ಅಂತ ತಿಳಿಯುತ್ತದೆ, ಇಷ್ಟೆಲ್ಲ ಪತ್ತೇದಾರಿ ಮಾಡುವುದು ಅದಕ್ಕೇ. ಗಿಡುಗ ಅಂದರೆ ಮೇಲೆ ಬಲೆ. ನಾಯಿ, ನರಿ ಅಂದರೆ ಬೇಲಿಯ ಬುಡದಲ್ಲಿ ಜಾಲರಿಯನ್ನು ಹೊರಗಡೆಗೆ ಒಂದೂವರೆ ಅಡಿ ಮಡಚಿ ಮಣ್ಣು ಮುಚ್ಚಬೇಕು, ಅವು ಬೇಲಿಯ ಬುಡದಲ್ಲೇ ಕೆರೆಯುತ್ತವೆ, ಒಂದೂವರೆ ಅಡಿ ಹಿಂದೆ ಹೋಗಿ ಕೆರೆಯುವ ಬುದ್ಧಿ ಸಾಮಾನ್ಯವಾಗಿ ಬರುವುದಿಲ್ಲ. ಇಲಿ, ಹಾವು ಅಂದರೆ ಅರ್ಧ ಇಂಚು ತೂತಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ, ಮತ್ತು ಆಹಾರದ ಮೂಟೆ ಗೂಡಿನಿಂದ ದೂರ, ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ. ಚಿಕನ್ ಮೆಶ್ ಅಂತ ಮಾರುವ ಆರುಮೂಲೆ ತೂತಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಬೇರೆ ಯಾರನ್ನೂ ಹೊರಗಿಡುವುದಿಲ್ಲ. ನಾಯಿ ಅದನ್ನು ಹಲ್ಲಲ್ಲೇ ಹರಿಯುತ್ತದೆ. ಮತ್ತೆ ಇವತ್ತೇ ಮಾಡಿ. ಒಮ್ಮೆ ಸಿಕ್ಕಿದ ಜಾಗಕ್ಕೆ ಅದು ಇನ್ನೊಮ್ಮೆ ಬಂದೇ ಬರುತ್ತದೆ.

ನನ್ನ ಮಾತು ಇಷ್ಟೇ. ಈಗ ಚೀಲದ ಹತ್ತಿರ ಹೋಗೋಣ. ತಂದವರು ಸ್ವಲ್ಪ ಮುಂದೆ ಬನ್ನಿ. ಕೋಳಿ ಗೂಡಿನ ಒಳಗೆ ಬಿದ್ದಿತ್ತಾ, ಹೊರಗಾ? ಸಂಜೆ ಎಣಿಸಿದ್ದಿರಾ? ಬಾಗಿಲು ಹಾಕಿತ್ತು ಅಂತೀರಿ. ಹಾಗಾದರೆ ಮೊದಲು ಹಿಂಭಾಗ ತಿರುಗಿಸಿ ನೋಡೋಣ. ಗವಸು ಇಲ್ಲಿದೆ, ಗಾಳಿ ಬರುವ ಕಡೆ ನಿಂತುಕೊಳ್ಳಿ.